ನೆಲ ಒರೆಸುವ ನೀರು

ಡಲ್ಸಿಯ ಅಕ್ಕನ ಹೆಸರನ್ನು ನಾನು ಹೇಳುವುದಿಲ್ಲ. ಸತ್ತವರ ಹೆಸರೆತ್ತುವುದು ನಮ್ಮಲ್ಲಿಲ್ಲ. ಅದೇ ಹೆಸರಿನ ಇನ್ನೊಬ್ಬ ಹುಡುಗಿ ಊರಲ್ಲಿದ್ದಾಳೆ, ಅವಳನ್ನೂ ಈಗ ಬೇರೆ ಹೆಸರಿಂದ ಕೂಗುತ್ತೇವೆ. ಹಾಗಾಗಿ ಅಕ್ಕ ಎಂದರೆ ಅಕ್ಕ, ಅಷ್ಟೆ. ಉಳಿದವರ ಹೆಸರು ಹೇಳುವುದಕ್ಕೆ ನನಗೆ ಯಾರ ಮುಲಾಜೂ ಇಲ್ಲ.

ಊರು ಏಳನೇ ಬೋರ್. ನಮ್ಮ ಹಿರಿಯರು ಇಟ್ಟ ಹೆಸರಲ್ಲ ಇದು. ಸರ್ಕಾರದವರು ಮರುಭೂಮಿಯ ಉದ್ದಕ್ಕೂ ಬೋರ್ ಕೊರೆಸುತ್ತಾ ಬಂದರು. ಏಳನೆಯದರಲ್ಲಿ ನೀರು ಬಿತ್ತು. ಸುತ್ತಲಿನ ಜನರನ್ನೆಲ್ಲ ಲಾರಿಗೆ ತುಂಬಿಕೊಂಡು ಬಂದು ಆ ನೀರಿನ ಪಕ್ಕ ಸುರಿದು ಹೋದರು. ನೀರು ಸವಳು. ಕಾಯಿಸಿದರೆ ಕೆಟಲಿನ ತಳದಲ್ಲಿ ಬಿಳಿ ಹಕ್ಕಳೆ ಕಟ್ಟುತ್ತದೆ. ಅದೇ ಹಕ್ಕಳೆ ನಮ್ಮ ಕಿಡ್ನಿಯಲ್ಲೂ ಕಟ್ಟುತ್ತದೆ ಎನ್ನುತ್ತಿದ್ದಳು ಅಕ್ಕ. ಹಾಗೇನಿಲ್ಲ, ಸಕ್ಕರೆ ಕಾಯಿಲೆ, ತಿನ್ನೋದು ಸರಿಯಿಲ್ಲ, ಅದು ಇದು ಎನ್ನುತ್ತಿದ್ದರು ಡಾಕ್ಟರುಗಳು. ಡಾಕ್ಟರುಗಳು ಆ ನೀರು ಕುಡಿಯುತ್ತಿರಲಿಲ್ಲ.

ಅಕ್ಕನ ಕಿಡ್ನಿ ಕೈಕೊಟ್ಟು ವರ್ಷಗಳಾಗಿದ್ದವು. ಒಂದು ದಿನ ಬಿಟ್ಟು ಒಂದು ದಿನ ರಕ್ತ ತೊಳೆಸಿಕೊಳ್ಳಬೇಕು. ಮೊದಲೆಲ್ಲ ಅದಕ್ಕೆ ಪಟ್ಟಣವೇ ಗತಿ. ಬಸ್ಸಿನಲ್ಲಿ ಹಗಲೆಲ್ಲ ಕೂತರೆ ಸಿಗುವ ಪಟ್ಟಣ. ಹೋದವರು ತಿರುಗಿ ಬರುವ ಹಾಗಿಲ್ಲ, ಅಲ್ಲೇ ಬಿದ್ದಿರಬೇಕು. ಹಾಸ್ಟೆಲಿನಲ್ಲಿ ಜಾಗವಿದ್ದರೆ ಹಾಸ್ಟೆಲು, ಇಲ್ಲದಿದ್ದರೆ ಬತ್ತಿದ ಹೊಳೆಯ ಮರಳು. ಅಕ್ಕ ಎರಡೂ ಕಡೆ ಮಲಗಿದವಳು. ಅವಳ ಮಗ ಇಲ್ಲಿ ಸತ್ತಾಗ ಅವಳು ಅಲ್ಲಿ ಸೂಜಿ ಚುಚ್ಚಿಸಿಕೊಂಡು ಕೂತಿದ್ದಳು. ಮಣ್ಣಿಗೂ ಬರಲಾಗಲಿಲ್ಲ.

ಆಮೇಲೆ ಊರಿನ ಹೆಂಗಸರು ಚಿತ್ರ ಬರೆದರು. ಬೆನ್ನು ಬಗ್ಗಿಸಿ, ಕಣ್ಣು ಕಿತ್ತುಹೋಗುವವರೆಗೆ ಚುಕ್ಕಿ ಇಟ್ಟು ಇಟ್ಟು ಬರೆದರು. ಅವನ್ನು ಮಾರಿ ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಒಂದು ಡಯಾಲಿಸಿಸ್ ಯಂತ್ರ, ಅದರ ನೀರು ಸೋಸುವ ಪೆಟ್ಟಿಗೆ, ಒಂದು ಕುರ್ಚಿ ತರಿಸಿದರು. ಯಂತ್ರ ನೋಡಿಕೊಳ್ಳಲು ಗ್ವೆನ್ ಎಂಬ ನರ್ಸ್ ಬಂದಳು. ಅವಳಿರಲು ಏಸಿ ಹಾಕಿದ ಮನೆ. ಅಕ್ಕ ಊರಿಗೆ ವಾಪಸ್ ಬಂದಳು. ಬಸ್ಸಿಳಿದವಳು ಅಲ್ಲೇ ಕೂತು ಒಂದು ಹಿಡಿ ಕೆಂಪು ಮಣ್ಣು ಕೈಗೆ ತೆಗೆದುಕೊಂಡು, ಇನ್ನು ನಾನು ಇಲ್ಲಿಂದ ಏಳಲ್ಲ ಎಂದಿದ್ದಳು.

ಡಲ್ಸಿ ಶಾಲೆಯಲ್ಲೂ ನರ್ಸ್ ಮನೆಯಲ್ಲೂ ಕಸ ನೆಲದ ಕೆಲಸ ಮಾಡುವವಳು. ಆ ಚಳಿಗಾಲ ಗ್ವೆನ್ ರಜೆ ಮೇಲೆ ಹೊರಟಳು. ಬದಲಿ ನರ್ಸ್ ಬರುತ್ತಾಳೆ, ಮನೆ ತೊಳೆದಿಡು ಎಂದು ಹೇಳಿ ಹೋದಳು. ಡಲ್ಸಿ ತೊಳೆದಳು, ಹಾಸಿಗೆ ಹಾಸಿದಳು. ಮಾರನೇ ದಿನ ಊರಿನ ಮ್ಯಾನೇಜರ್ ಕೋಲಿನ್ ಬಂದು, ಇನ್ನೂ ಹಾಸಿಗೆ ಬೇಕು, ಶಾಲೆಯಿಂದ ಹೊತ್ತುಕೊಂಡು ಬಾ ಎಂದ. ಒಬ್ಬ ನರ್ಸಿಗೆ ಎಷ್ಟು ಹಾಸಿಗೆ ಎಂದು ಕೇಳಿದಳು. ನರ್ಸಿಗಲ್ಲ, ಡಾನ್ಸಿನವರಿಗೆ ಎಂದ.

ಕಡಲ ತೀರದ ದೊಡ್ಡ ನಗರದಿಂದ ಬ್ಯಾಲೆ ತಂಡ ಬರುತ್ತದಂತೆ. ಬೆರಳ ತುದಿಯ ಮೇಲೆ ನಿಂತು ಕುಣಿಯುವವರು. ನಮ್ಮ ಮಕ್ಕಳಿಗೆ ಅದನ್ನು ಕಲಿಸುತ್ತಾರಂತೆ. ಕೊನೆಗೆ ದೊಡ್ಡ ಆಟ, ಅದನ್ನು ನೋಡಲು ಒಬ್ಬ ಮಂತ್ರಿ ವಿಮಾನದಲ್ಲಿ ಇಳಿಯುತ್ತಾನಂತೆ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು. ಆದರೂ ಸುಳ್ಳೇಕೆ ಹೇಳಲಿ, ಮಕ್ಕಳು ಕುಣಿದಾಡಿದರು. ಡಲ್ಸಿಯ ಮೊಮ್ಮಗಳು ಟಿನೀಶಾ ಅಂದು ರಾತ್ರಿಯೇ ಬೆರಳ ಮೇಲೆ ನಿಲ್ಲಲು ಹೋಗಿ ಒಲೆ ಪಕ್ಕ ಬಿದ್ದಳು.

"ಹಾಗಾದ್ರೆ ಬದಲಿ ನರ್ಸ್ ಎಲ್ಲಿರ್ತಾಳೆ?" ಡಲ್ಸಿ ಕೋಲಿನ್‌ನನ್ನು ಕೇಳಿದಳು.

"ಅವ್ಳು ಬರಲ್ಲ. ಮನೆ ಇಲ್ದೆ ಕಳ್ಸಲ್ಲ ಅಂದ್ರು ಅವರ ಆಫೀಸಿನವರು."

"ಅಕ್ಕಂಗೆ ಕುರ್ಚಿ?"

"ಕೆಲವು ವಾರ ಅಷ್ಟೇ ಡಲ್ಸಿ. ಪಟ್ಟಣದ ಬಸ್ಸಲ್ಲಿ ಸೀಟ್ ಹಾಕಿಸಿದೀನಿ. ಮಕ್ಕಳಿಗೋಸ್ಕರ ಇಷ್ಟು ಮಾಡ್ಕೊಳ್ಳೋಣ."

ಕ್ಲಿನಿಕ್ಕಿನಲ್ಲಿ ಇನ್ನೊಬ್ಬ ನರ್ಸ್ ಇದ್ದಳು, ಕೆಮ್ಮು ನೆಗಡಿ ನೋಡುವವಳು. ಆ ಯಂತ್ರ ಮುಟ್ಟಲು ಅವಳಿಗೆ ಅಧಿಕಾರವಿಲ್ಲ. ಕೋಣೆಗೆ ಬೀಗ ಬಿತ್ತು.

ಡಲ್ಸಿ ಮನೆಗೆ ಬಂದು ಹೇಳಿದಾಗ ಅಕ್ಕ ಚಪ್ಪರದ ನೆರಳಲ್ಲಿ ನಾಯಿಗಳ ನಡುವೆ ಕೂತು ಕಾಂಗರೂ ಬಾಲ ಸುಲಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಬಸ್ಸು ಬರುವ ದಿನ ಬಂತು. ಬಸ್ಸು ಹಾರನ್ ಹೊಡೆಯಿತು, ಕಾಯಿತು, ಹೋಯಿತು. ಕ್ಲಿನಿಕ್ಕಿನ ನರ್ಸ್ ಓಡಿ ಬಂದು ಬೈದಳು, ಬೇಡಿಕೊಂಡಳು, ಅತ್ತಳು. ಆಸ್ಪತ್ರೆಯ ವಿಮಾನ ಕರೆಸಲೇ ಎಂದಳು. ಅಕ್ಕ ತಲೆ ಅಲ್ಲಾಡಿಸಿದಳು. ಡಲ್ಸಿಯೂ ಅಕ್ಕನ ಕಾಲು ಹಿಡಿದುಕೊಂಡಳು.

"ಕುರ್ಚಿ ಇಲ್ಲಿದೆ, ಯಂತ್ರ ಇಲ್ಲಿದೆ, ನಾನೂ ಇಲ್ಲಿದೀನಿ," ಎಂದಳು ಅಕ್ಕ. "ನಾನ್ಯಾಕೆ ಹೋಗ್ಲಿ? ಅವರು ಹೋಗ್ಲಿ."

ಅವರು ಹೋಗಲಿಲ್ಲ, ಬಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ಗಾದೆ. ಇವರು ನೀರಿಗೂ ಬರಲಿಲ್ಲ. ಇವರ ನೀರು ಬಾಟಲಿ ತುಂಬಿ ಲಾರಿಯಲ್ಲಿ ಬಂತು. ಅದೇ ಲಾರಿಯಲ್ಲಿ ಇವರ ನೆಲವೂ ಬಂತು. ಹೌದು, ನೆಲ. ನಮ್ಮ ನೆಲ ಗಟ್ಟಿಯಂತೆ, ಕುಣಿದರೆ ಅವರ ಕಾಲು ಮುರಿಯುತ್ತದಂತೆ. ಶಾಲೆಯ ಹಿಂದಿನ ಬಯಲಲ್ಲಿ ಹಲಗೆ ಜೋಡಿಸಿ, ಅದರ ಮೇಲೆ ಸುರುಳಿ ಬಿಚ್ಚಿ ಕಪ್ಪು ರಬ್ಬರು ಹಾಸಿದರು. ಮೇಲೆ ಬಟ್ಟೆಯ ಮಾಡು ಎಳೆದರು. ಅಷ್ಟಗಲ ಕಪ್ಪು ಜಾಗ ಬಯಲಲ್ಲಿ ಎಂದೂ ಇರಲಿಲ್ಲ. ಊರಿನ ನಾಯಿಗಳು ಅದರ ಅಂಚಿಗೆ ಬಂದು ಮೂಸಿ ನಿಂತವು. ಒಂದಾದರೂ ಮೇಲೆ ಕಾಲಿಡಲಿಲ್ಲ. ಮುದುಕಿಯರು ಅದನ್ನು ಗಮನಿಸಿದರು.

ಆ ನೆಲ ಒರೆಸುವ ಕೆಲಸವೂ ಡಲ್ಸಿಯ ತಲೆಗೇ ಬಂತು. ಮರುಭೂಮಿಯ ಗಾಳಿ ಸುಮ್ಮನಿರುವುದುಂಟೇ, ಬೆಳಗಾಗುವುದರೊಳಗೆ ಕೆಂಪು ಧೂಳು ಹೊದಿಸಿರುತ್ತಿತ್ತು. ಕೋಲು ಕಟ್ಟಿದ ಬಟ್ಟೆಯಿಂದ ಒರೆಸಿದರೆ ಧೂಳು ಅಂಚಿಗೆ ಸರಿಯುತ್ತದೆ ಅಷ್ಟೆ. ಮಂಡಿಯೂರಿಯೇ ಒರೆಸಬೇಕು. ಡಲ್ಸಿ ಮಂಡಿಯೂರಿದಳು. ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವುದರೊಳಗೆ ಸೊಂಟ ಹಿಡಿಯುತ್ತಿತ್ತು, ಮಂಡಿಯ ಚರ್ಮ ಸುಲಿದು ಬಟ್ಟೆಗೆ ಅಂಟುತ್ತಿತ್ತು.

ಮೊದಲ ದಿನ ಒರೆಸಿದ ನೆಲ ಒಣಗಿದ ಮೇಲೆ ಮೇಲೆಲ್ಲ ಬಿಳಿ ಬಿಳಿ ಮಚ್ಚೆ ಎದ್ದವು. ತಂಡದ ಯಜಮಾನಿ ಮಿಸ್ ಇಮೋಜೆನ್ ಬಗ್ಗಿ ಬೆರಳಲ್ಲಿ ಕೆರೆದು ನೋಡಿದಳು. ಬೆರಳನ್ನು ಮೂಗಿಗೆ ಹಿಡಿದಳು. ಇದೆಂಥ ನೀರು ಎಂದು ಕೇಳಿದಳು. ನಲ್ಲಿ ನೀರು ಎಂದಳು ಡಲ್ಸಿ. ಅಯ್ಯೋ, ಇದು ರಬ್ಬರನ್ನು ತಿಂದುಹಾಕುತ್ತೆ, ಹುಡುಗಿಯರು ಜಾರಿ ಬೀಳ್ತಾರೆ ಎಂದು ಮಿಸ್ ಗಾಬರಿಯಾದಳು. ಮಾರನೇ ದಿನದಿಂದ ನೆಲ ಒರೆಸಲು ಬಾಟಲಿ ನೀರು ಬಂತು.

ಡಲ್ಸಿ ಬಾಟಲಿಯ ಮುಚ್ಚಳ ತಿರುವಿದಳು. ಬಕೆಟ್ಟಿಗೆ ಸುರಿದಳು. ಇನ್ನೊಂದು ತಿರುವಿದಳು. ಅಂಥ ಒಂದು ಬಾಟಲಿಗೆ ಊರಿನ ಅಂಗಡಿಯಲ್ಲಿ ಹೇಳುವ ಬೆಲೆ ಕೇಳಿ ಅವಳು ಒಂದು ದಿನವೂ ಮನೆಗೆ ಕೊಂಡವಳಲ್ಲ.

ಇತ್ತ ಮಕ್ಕಳ ಪಾಠ ನಡೆದಿತ್ತು. ಟಿನೀಶಾ ಚುರುಕು. ಎಂದೂ ಶಾಲೆಯ ಮುಖ ನೋಡದವಳು ಗಂಟೆಗೆ ಮುಂಚೆ ಹೋಗಿ ನಿಲ್ಲುತ್ತಿದ್ದಳು. ಗುಲಾಬಿ ಬಣ್ಣದ ಚಪ್ಪಲಿ ಕೊಟ್ಟರು, ಅದನ್ನು ತಲೆದಿಂಬಿನಡಿ ಇಟ್ಟುಕೊಂಡು ಮಲಗುತ್ತಿದ್ದಳು. ಮಿಸ್ ಅವಳಿಗೆ ಕ್ಲಿಫ್ಟನ್ ಎಂಬ ಹುಡುಗನನ್ನು ಜೋಡಿ ಮಾಡಿದಳು. ವರಸೆಯಲ್ಲಿ ಟಿನೀಶಾ ಅವನಿಗೆ ಅತ್ತೆಯಾಗಬೇಕು. ಹನ್ನೆರಡು ವರ್ಷದವಳಾದರೇನು, ಮದುವೆಗಿದುವೆ ಇನ್ನೂ ಯಾರಿಗೂ ಆಗದಿದ್ದರೇನು, ಅತ್ತೆ ವರಸೆಯವಳು ಅತ್ತೆಯೇ. ನಮ್ಮಲ್ಲಿ ಅಳಿಯನಾದವನು ಅತ್ತೆಯ ಮುಖ ನೋಡಬಾರದು, ಅವಳಿದ್ದ ಕಡೆ ನಿಲ್ಲಬಾರದು. ಇಲ್ಲಿ ನೋಡಿದರೆ ಅತ್ತೆಯ ಸೊಂಟ ಹಿಡಿದು ತಲೆಯ ಮೇಲಕ್ಕೆ ಎತ್ತಬೇಕಂತೆ. ಹುಡುಗ ಬೇಲಿ ಹಾರಿ ಓಡಿದವನು ಸಂಜೆಯವರೆಗೆ ಕೈಗೆ ಸಿಗಲಿಲ್ಲ. ಪಾಪ, ತುಂಬಾ ನಾಚಿಕೆ ಸ್ವಭಾವ ಎಂದಳು ಮಿಸ್. ಬೇಲಿಯಾಚೆ ಕೂತಿದ್ದ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು. ಅವಳು ನಕ್ಕಿದ್ದನ್ನು ನಾವು ನೋಡಿದ್ದು ಅದೇ ಕೊನೆ.

ಕುರ್ಚಿ ತಪ್ಪಿದ ದಿನಗಳು ಮೈಮೇಲೆ ಕಾಣತೊಡಗಿದವು. ಮೊದಲು ಪಾದ ಊದಿತು. ಆಮೇಲೆ ಮೀನಖಂಡ, ತೊಡೆ, ರೆಪ್ಪೆ. ಮೈಯೆಲ್ಲ ತುರಿಕೆ. ಡಲ್ಸಿ ಕೆಲಸದಿಂದ ಬಂದು ಬೆನ್ನು ಕೆರೆಯುತ್ತಿದ್ದಳು, ಉಗುರಿನ ಗೀರುಗಳಲ್ಲಿ ರಕ್ತ ಬಂದರೂ ಇನ್ನೂ ಕೆರಿ ಎನ್ನುತ್ತಿದ್ದಳು ಅಕ್ಕ. ಬಾಯಿ ಕಬ್ಬಿಣ ನೆಕ್ಕಿದ ಹಾಗಿದೆ ಎಂದು ಊಟ ಬಿಟ್ಟಳು. ಅಂಗಾತ ಮಲಗಿದರೆ ಉಸಿರು ಸಿಗದು. ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. ನೀರು ಮಾತ್ರ ಕೇಳುತ್ತಿದ್ದಳು. ಆ ಕಾಯಿಲೆಯವರಿಗೆ ನೀರು ಕೊಡುವಂತಿಲ್ಲ. ಡಲ್ಸಿ ಒದ್ದೆ ಬಟ್ಟೆ ತುಟಿಗೆ ಒತ್ತುತ್ತಿದ್ದಳು.

ಒಂದು ಸಂಜೆ ಡಲ್ಸಿ ನರ್ಸ್ ಮನೆಯ ಬಾಗಿಲು ತಟ್ಟಿದಳು. ಮಿಸ್ ಇಮೋಜೆನ್ ಬಾಗಿಲು ತೆಗೆದಳು. ಒಳಗಿಂದ ತಣ್ಣನೆ ಗಾಳಿ. ಹುಡುಗಿಯರು ಮಂಚದ ಮೇಲೆ ಕೂತು ಕಾಲನ್ನು ಮಂಜುಗಡ್ಡೆಯ ಬಕೆಟ್ಟಿನಲ್ಲಿಟ್ಟುಕೊಂಡಿದ್ದರು. ಡಲ್ಸಿ ಒಳಗೆ ಹೋಗಲಿಲ್ಲ, ಮೆಟ್ಟಿಲ ಮೇಲೇ ನಿಂತು ಎಲ್ಲ ಹೇಳಿದಳು. ನೀವು ಶಾಲೆಯಲ್ಲಿ ಮಲಗಿ, ಹಾಸಿಗೆ ನಾನೇ ಹೊತ್ತು ಹಾಕ್ತೀನಿ, ಮನೆ ಬಿಟ್ಟರೆ ನರ್ಸ್ ಬರ್ತಾಳೆ, ನರ್ಸ್ ಬಂದ್ರೆ ಅಕ್ಕ ಬದುಕ್ತಾಳೆ. ಇಷ್ಟೇ ಮಾತು. ಇದರಲ್ಲಿ ಅರ್ಥವಾಗದ್ದು ಏನಿದೆ?

ಮಿಸ್ ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಯಾರೂ ಹೇಳಲೇ ಇಲ್ಲ ಎಂದಳು. ನಾಳೆಯೇ ಫೋನ್ ಮಾಡಿ ವಿಚಾರಿಸುತ್ತೇನೆ ಎಂದಳು. ಆಮೇಲೆ ಡಲ್ಸಿಯ ಕೈ ಹಿಡಿದುಕೊಂಡು, "ಇವರ ಮೈಯೇ ಇವರ ಬದುಕು ಡಲ್ಸಿ, ನಿಮಗೆ ಅರ್ಥ ಆಗುತ್ತಲ್ವಾ? ಸಿಮೆಂಟಿನ ಮೇಲೆ ಮಲಗಿಸಿದ್ರೆ ಒಬ್ಬಳೂ ಕುಣಿಯೋ ಹಾಗಿರಲ್ಲ," ಎಂದಳು.

ಡಲ್ಸಿ ಕೈ ಬಿಡಿಸಿಕೊಂಡು ಬಂದಳು. ಮಿಸ್ ಫೋನ್ ಮಾಡಿದಳೋ ಬಿಟ್ಟಳೋ. ಮನೆ ಖಾಲಿಯಾಗಲಿಲ್ಲ.

ಆಟದ ಹಿಂದಿನ ದಿನ ಅಕ್ಕ ಡಲ್ಸಿಯನ್ನು ಹತ್ತಿರ ಕರೆದಳು. ಮಾತಿಗೆ ಉಸಿರು ಸಾಲುತ್ತಿರಲಿಲ್ಲ, ನಿಲ್ಲಿಸಿ ನಿಲ್ಲಿಸಿ ಹೇಳಿದಳು.

"ಲೇ ಡಲ್ಸಿ, ಎಲ್ಲಿ ಸಾಯೋದು ಅಂತ ಯೋಚ್ನೆ ಮಾಡ್ತಿದೀನಿ ಕಣೆ."

"ಸುಮ್ನಿರಕ್ಕ."

"ಈ ಮನೇಲಿ ಸತ್ರೆ ನೀವೆಲ್ಲ ಮನೆ ಬಿಟ್ಟು ಏಳ್ಬೇಕು. ಇಷ್ಟು ಮಕ್ಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ತೀಯ? ಇರೋದೇ ಎರಡು ಕೋಣೆ. ಕ್ಲಿನಿಕ್ಕಲ್ಲಿ ಸತ್ರೆ ನಮ್ಮೋರು ಯಾರೂ ಆ ಕಡೆ ತಲೆ ಹಾಕಲ್ಲ. ಆ ಕುರ್ಚಿ ಹಾಳು ಬೀಳುತ್ತೆ. ಬೇಡ. ಅದು ಇನ್ನೊಬ್ರಿಗೆ ಬೇಕು. ನಿಂಗೇ ಬೇಕಾಗ್ಬೋದು. ಮರದ ಕೆಳಗೆ ಸತ್ರೆ ಆ ನೆರಳು ಹೋಗುತ್ತೆ."

ಡಲ್ಸಿ ಅಳುತ್ತಿದ್ದಳು.

"ಈ ಊರಲ್ಲಿ ನಮ್ದಲ್ದೇ ಇರೋದು ಒಂದೇ ಇದೆ. ಆ ಕರೀ ನೆಲ. ಬೆಳಿಗ್ಗೆ ಒರೆಸೋಕೆ ಹೋಗ್ತೀಯಲ್ಲ, ನನ್ನೂ ಕರ್ಕೊಂಡು ಹೋಗು."

ಡಲ್ಸಿಗೆ ತಕ್ಷಣ ಹೊಳೆದದ್ದು ಮೊಮ್ಮಗಳ ಮುಖ. ಅದೊಂದನ್ನೇ ಹೇಳಿದಳು. ಮಗು ನಾಳೆ ಕುಣಿಯೋಕೆ ಕಾಯ್ತಿದೆ ಅಕ್ಕ, ಚಪ್ಪಲಿ ತಬ್ಕೊಂಡು ಮಲಗುತ್ತೆ ಎಂದಳು.

"ಕುಣೀಲಿ. ನಾನು ಕುಣಿದಿಲ್ವಾ? ಕುಣಿತದ ಮೇಲೆ ನಂಗೇನು ಸಿಟ್ಟು. ಮಣ್ಣಿದೆಯಲ್ಲ, ಅದ್ರ ಮೇಲೆ ಕುಣೀಲಿ."

ಬೆಳಕು ಹರಿಯುವ ಮುಂಚೆ ಡಲ್ಸಿ ಅಕ್ಕನನ್ನು ಕ್ಲಿನಿಕ್ಕಿನ ಹಳೇ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೊರಟಳು. ಒಂದು ಗಾಲಿಗೆ ಗಾಳಿಯಿರಲಿಲ್ಲ. ಮರಳಲ್ಲಿ ಹೂತುಹೋಗುತ್ತಿತ್ತು. ಊದಿದ ಮೈ ಭಾರ. ಡಲ್ಸಿ ಎದೆ ಕೊಟ್ಟು ತಳ್ಳಿದಳು. ದಾರಿಯಲ್ಲಿ ಒಂದು ನಾಯಿಯೂ ಬೊಗಳಲಿಲ್ಲ. ಎಲ್ಲ ಎದ್ದು ಹಿಂದೆ ಹಿಂದೆ ಬಂದವು, ಕಪ್ಪು ನೆಲದ ಅಂಚಿನವರೆಗೆ ಬಂದು ಕೂತವು.

ಡಲ್ಸಿ ಅಕ್ಕನನ್ನು ತಬ್ಬಿ ಇಳಿಸಿದಳು. ನಡುವಿಗೆ ಎಳೆದುಕೊಂಡು ಹೋಗಿ ತನ್ನ ಮೈಗೆ ಒರಗಿಸಿಕೊಂಡಳು. ಅಕ್ಕ ನೀರು ಕೇಳಿದಳು. ಇನ್ನು ಯಾವ ಪಥ್ಯ? ಡಲ್ಸಿ ನೆಲ ಒರೆಸುವ ಬಾಟಲಿಯೊಂದನ್ನು ತೆರೆದು ಬಾಯಿಗೆ ಹಿಡಿದಳು. ಅಕ್ಕ ಗಟಗಟ ಕುಡಿದಳು. ಉಸಿರು ಎಳೆದುಕೊಂಡು ಮತ್ತೆ ಕುಡಿದಳು.

"ರುಚಿಯೇ ಇಲ್ವಲ್ಲೇ," ಎಂದಳು. "ನೀರು ಅಂದ್ರೆ ಹಿಂಗಿರುತ್ತಾ?"

ಹೊತ್ತು ಮೂಡಿ ಸ್ವಲ್ಪ ಹೊತ್ತಿಗೆ ಅವಳ ತಲೆ ಡಲ್ಸಿಯ ಹೆಗಲಿಂದ ಜಾರಿತು. ಡಲ್ಸಿ ಬಾಯಿ ತೆರೆದು ಕೂಗಿದಳು. ಆ ಕೂಗು ಊರಿಗೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಮನೆಯಿಂದ ಕೂಗಿಗೆ ಕೂಗು ಎದ್ದಿತು. ಹೆಂಗಸರು ಹಣೆ ಚಚ್ಚಿಕೊಳ್ಳುತ್ತಾ ಓಡಿಬಂದರು. ಟಿನೀಶಾ ಬಂದಳು, ನೋಡಿದಳು, ಅಂಚಿನಲ್ಲೇ ನಿಂತಳು. ಗಂಡಸರು ಕಾರಿನಲ್ಲಿ ಅಕ್ಕನನ್ನು ಎತ್ತಿಕೊಂಡು ಹೋದರು. ಮುದುಕಿಯರು ಸೊಪ್ಪಿನ ಕೊಂಬೆ ಮುರಿದು ತಂದು ಕಪ್ಪು ನೆಲದ ಸುತ್ತಲಿನ ಮಣ್ಣಿನಿಂದ ಸತ್ತವಳ ಗುರುತು ಉಳಿಯಬಾರದೆಂದು ಅವಳು ಬಂದ ಜಾಡು ಗುಡಿಸಿ ಅಳಿಸತೊಡಗಿದರು.

ಆಗ ಕೋಲಿನ್ ಬಂದ, ಹಿಂದೆ ಮಿಸ್ ಇಮೋಜೆನ್. ಅವನು ಟೋಪಿ ತೆಗೆದ. ತುಂಬಾ ಬೇಜಾರಾಯ್ತು ಡಲ್ಸಿ ಎಂದ. ಮಿಸ್ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಇವತ್ತಿನ ಆಟವನ್ನು ನಿಮ್ಮ ಅಕ್ಕನ ನೆನಪಿಗೆ ಅರ್ಪಿಸುತ್ತೇವೆ ಎಂದಳು. ಎಂದು, ಸತ್ತವಳ ಹೆಸರನ್ನು ಗಟ್ಟಿಯಾಗಿ, ಪೂರ್ತಿಯಾಗಿ ಹೇಳಿದಳು.

ಅಳು ನಿಂತುಹೋಯಿತು. ಹೆಂಗಸರು ಕಿವಿ ಮುಚ್ಚಿಕೊಂಡರು. ಕೊಂಬೆ ಹಿಡಿದ ಕೈಗಳು ಹಾಗೇ ನಿಂತವು.

ಕೋಲಿನ್‌ಗೆ ಅದೂ ತಿಳಿಯಲಿಲ್ಲ. ಗಡಿಯಾರ ನೋಡಿಕೊಂಡ. "ಮಧ್ಯಾಹ್ನ ಮಂತ್ರಿ ವಿಮಾನ ಇಳಿಯುತ್ತೆ," ಎಂದ ಮೆಲ್ಲಗೆ. "ನೆಲ ಒಂದ್ಸಲ ಒರೆಸಿಬಿಡು ಡಲ್ಸಿ. ಆಮೇಲೆ ಮನೆಗೆ ಹೋಗು, ವಾರ ಪೂರ್ತಿ ರಜೆ ಕೊಡ್ತೀನಿ."

ಡಲ್ಸಿ ಎದ್ದಳು. ಇಷ್ಟು ವರ್ಷ ಅವನನ್ನು ನೀವು ಎಂದು ಮಾತಾಡಿಸಿದವಳು.

"ಒರೆಸಲ್ಲ."

"ಡಲ್ಸಿ..."

"ನೀನು ಕೇಳಿಸ್ಕೋ. ಮಿಸ್, ನೀನೂ ಕೇಳಿಸ್ಕೋ. ನಮ್ಮಕ್ಕ ಇಲ್ಲಿ ಸತ್ಲು. ಸತ್ತ ಜಾಗ ನಾವು ತುಳಿಯಲ್ಲ. ನೀರು ಕೆಟ್ಟು ಅವ್ಳ ಕಿಡ್ನಿ ಹೋಯ್ತು, ಮನೆ ಇಲ್ದೆ ಅವ್ಳ ಕುರ್ಚಿ ಹೋಯ್ತು. ಒಳ್ಳೇ ನೀರು ಈ ನೆಲಕ್ಕೆ ಹಾಕ್ಸಿದ್ರಿ, ನನ್ನ ಕೈಯಿಂದ್ಲೇ ಹಾಕ್ಸಿದ್ರಿ. ಮನೇನ ನಿಮ್ಮ ಹುಡ್ಗೀರ ಕಾಲಿಗೆ ಕೊಟ್ರಿ. ಇನ್ನು ಇದನ್ನ ಒರೆಸಿ ಮೇಲೆ ಕುಣಿದ್ರೆ, ಗೊತ್ತಿದ್ದೂ ಅವ್ಳ ಎದೆ ಮೇಲೆ ಕುಣಿದ ಹಾಗೆ. ಹೇಳಿದೀನಿ. ಹೇಳ್ಲಿಲ್ಲ ಅನ್ಬೇಡಿ."

ಕೆಲಸ ಹೋಗುತ್ತೆ ಎಂದು ಕೋಲಿನ್ ಹೇಳಲು ಹೊರಟ. ಡಲ್ಸಿ ಸೊಂಟದಿಂದ ಬೀಗದ ಕೈಗೊಂಚಲು ಬಿಚ್ಚಿ ಅವನ ಕಾಲ ಬಳಿ ಹಾಕಿದಳು. ತಿರುಗಿ ನೋಡದೆ ಹೋದಳು.

ನಡು ಹಗಲಾಗುವುದರೊಳಗೆ ಊರು ಖಾಲಿಯಾಯಿತು. ಇದ್ದಬದ್ದ ಕಾರುಗಳಲ್ಲಿ ಕಂಬಳಿ, ಬಕೆಟ್ಟು, ಮಕ್ಕಳು, ನಾಯಿಗಳನ್ನು ತುಂಬಿಕೊಂಡು ದಿಣ್ಣೆಯಾಚೆ ಹೋಗಿ ಸೂತಕದ ಬಿಡಾರ ಹೂಡಿದೆವು. ಅಂಗಡಿಗೆ ಬೀಗ, ಶಾಲೆಗೆ ಬೀಗ. ಹೆಂಗಸರು ಬಿಳಿ ಜೇಡಿ ಕಲಸಿ ಮೈಗೆ ಬಳಿದುಕೊಳ್ಳತೊಡಗಿದರು. ವಿಮಾನ ಬಂದಿತು, ತಲೆಯ ಮೇಲೇ ಒಂದು ಸುತ್ತು ಹಾಕಿ ಇಳಿಯಿತು.

ಇನ್ನು ಅವರೂ ಹೊರಡುತ್ತಾರೆ, ಯಾರಿಗಂತ ಕುಣಿಯುತ್ತಾರೆ ಎಂದು ನಮ್ಮಲ್ಲೇ ಯಾರೋ ಅಂದರು. ಡಲ್ಸಿ ಟಿನೀಶಾಳನ್ನು ಮುಂದೆ ಕೂರಿಸಿಕೊಂಡು ಜೇಡಿ ಹಚ್ಚುತ್ತಿದ್ದಳು. ಆ ಹೊತ್ತಿಗೆ ಗಾಳಿ ಈ ಕಡೆ ತಿರುಗಿತು. ದಿಣ್ಣೆಯಾಚೆಯಿಂದ ಪಿಟೀಲಿನ ಸದ್ದು ಕೇಳಿಸಿತು. ಮೊದಲು ಸಣ್ಣಗೆ, ಆಮೇಲೆ ಸ್ಪಷ್ಟವಾಗಿ. ಅದರ ನಡುವೆ ಹಲಗೆಯ ಮೇಲೆ ಕಾಲು ಬೀಳುವ ಸದ್ದು. ಅಷ್ಟು ಬಾರಿ ಅಭ್ಯಾಸ ಮಾಡಿದ ಹುಡುಗಿ, ಅವಳಿಗೆ ಗುರುತು ಹತ್ತದೆ ಇರುತ್ತದೆಯೇ? ಟಿನೀಶಾ ಆ ಕಡೆ ತಿರುಗಿದಳು.

"ಅಜ್ಜೀ, ಅಲ್ಲೇ ಕುಣೀತಿದಾರೆ," ಎಂದಳು. "ಅವ್ರಿಗೆ ಗೊತ್ತಿಲ್ಲವೇನೋ."

"ಗೊತ್ತು," ಎಂದಳು ಡಲ್ಸಿ. "ನಾನೇ ಹೇಳಿ ಬಂದಿದೀನಿ."

ಹುಡುಗಿಯ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು, ಉಳಿದ ಅರ್ಧ ಹಣೆಗೂ ಜೇಡಿ ಬಳಿದಳು.